ಸರ್ಪಸುತ್ತು ಬಂದರೆ ಮರೆವು ಬರುತ್ತಾ?

ಪ್ರಶ್ನೆ: ನಮ್ಮವ್ವನಿಗೆ 68. ಹೋದ ತಿಂಗಳು ಪಕ್ಕೆಗೆ ಸರ್ಪಸುತ್ತು ಎದ್ದಿತ್ತು, ಕೆಮ್ಮಣ್ಣು ಹಚ್ಚಿದೆವು, ಗುಳ್ಳೆ ಒಣಗಿವೆ. ಈಗ ರೊಟ್ಟಿ ಬಡಿಯುತ್ತಾ ಕೂತವರು ಹಂಚಿನ ಮೇಲಿದ್ದದ್ದನ್ನೇ ಮರೆಯುತ್ತಾರೆ. ಇದು ಮೆದುಳಿಗೂ ಏರುತ್ತಾ?
— ಓದುಗರು, ಆಳಂದ, ಕಲಬುರಗಿ ಜಿಲ್ಲೆ

ಉತ್ತರ: ಗಾಬರಿ ಬೇಡ. ನಾಲ್ಕು ರೊಟ್ಟಿ ಹೊತ್ತಿದ್ದಕ್ಕೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಅನ್ನೋಕಾಗಲ್ಲ. ಗುಳ್ಳೆ ಹೋದ ಮೇಲೂ ಉಳಿಯುವ ಉರಿನೋವು ನಿದ್ದೆ ಕೆಡಿಸುತ್ತೆ, ನಿದ್ದೆಯೇ ಇಲ್ಲದವರಿಗೆ ನೆನಪು ಎಲ್ಲಿಂದ ಬರಬೇಕು, ಅಲ್ವಾ? ನರನೋವಿನ ಕೆಲವು ಮಾತ್ರೆಗಳೂ ಮಂಪರು ತರುತ್ತವೆ.

ಆದರೂ ನಿಮ್ಮ ಅನುಮಾನ ಸುಮ್ನೆ ಅಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಲ್ಲಿ ಸರ್ಪಸುತ್ತಿನ ಲಸಿಕೆ ಶುರು ಮಾಡಿದಾಗ, 1933ರ ಸೆಪ್ಟೆಂಬರ್ 2ಕ್ಕಿಂತ ಮೊದಲು ಹುಟ್ಟಿದವರಿಗೆ ಇಲ್ಲ ಅಂದುಬಿಟ್ಟರು. ಒಂದು ವಾರ ಮೊದಲೇ ಹುಟ್ಟಿದ ತಪ್ಪಿಗೆ ಲಸಿಕೆ ಇಲ್ಲ! ಸಂಶೋಧಕರಿಗೆ ಮಾತ್ರ ಅದೇ ವರವಾಯಿತು, ಎರಡೂ ಕಡೆಯವರು ಬೇರೆಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇದ್ದರಲ್ಲ. 7 ವರ್ಷದ ದಾಖಲೆ ನೋಡಿದರೆ, ಲಸಿಕೆ ಪಡೆದವರಲ್ಲಿ ಡಿಮೆನ್ಷಿಯಾ ಸುಮಾರು ಶೇ. 20ರಷ್ಟು ಕಡಿಮೆ, ಅದೂ ಹೆಂಗಸರಲ್ಲಿ ಜಾಸ್ತಿ ಫಲ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂತು. ಅವರು ಕೊಟ್ಟದ್ದು ಹಳೆಯ ಲಸಿಕೆ. ಈಗ 50 ದಾಟಿದವರಿಗೆ 2 ಡೋಸಿನ ಹೊಸದು ನಮ್ಮಲ್ಲೂ ಸಿಗುತ್ತೆ, ದುಬಾರಿ ಮಾತ್ರ.

ಅವ್ವನ ನೋವಿನ ಬಗ್ಗೆ, ನಿದ್ದೆ ಬಗ್ಗೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಜ್ವರ, ತಲೆನೋವಿನ ಜೊತೆ ಒಮ್ಮೆಲೇ ತಬ್ಬಿಬ್ಬಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇನ್ನು ಮುಂದೆ ಮನೆಯಲ್ಲಿ ಯಾರಿಗೆ ಗುಳ್ಳೆ ಎದ್ದರೂ 72 ಗಂಟೆಯೊಳಗೆ ಡಾಕ್ಟರು ಕೊಡುವ ವೈರಸ್ ತಡೆಯುವ ಮಾತ್ರೆ ಶುರುವಾಗಬೇಕು, ಕೆಮ್ಮಣ್ಣು ಆಮೇಲೆ ನೋಡೋಣ.