ಗೂಗಲ್ ಲಾಗಿನ್: ಇಮೇಲ್ ನಂಬಿ ಸೆಷನ್ ಕೊಡಬೇಡಿ

ನಮ್ಮ ಪುಣೆ ಗುಂಪಿನ ರಾಜ್ಯೋತ್ಸವ ನೋಂದಣಿ ಸೈಟಿಗೆ ನೀವು ಬರೆದಿರೋ ಗೂಗಲ್ ಲಾಗಿನ್ ಕೋಡ್ ನೋಡಿದೆ ಸರ್. ಗೂಗಲ್ ಬಟನ್ ಒತ್ತಿದ ಮೇಲೆ ಬ್ರೌಸರ್‌ನಲ್ಲೇ ಹೆಸರು, ಇಮೇಲ್, ಫೋಟೋ ತೆಗೆದು ಜೇಸನ್ (JSON, ಮಾಹಿತಿ ಕಳಿಸೋ ಪಠ್ಯ ರೂಪ) ಮಾಡಿ ಸರ್ವರ್‌ಗೆ ಕಳಿಸ್ತಿದ್ದೀರಿ. ಸರ್ವರ್ ಆ ಇಮೇಲ್ ಹುಡುಕಿ ಸೆಷನ್ ಕೊಡ್ತಿದೆ, ಅಂದರೆ ಲಾಗಿನ್ ಆದವರು ಅಂತ ಒಳಗೆ ಬಿಡ್ತಿದೆ. ಇದನ್ನ ಹೀಗೇ ಲೈವ್ ಮಾಡಬೇಡಿ. ಬ್ರೌಸರ್‌ನಲ್ಲೇ ಇರೋ ಡೆವ್‌ಟೂಲ್ಸ್ (ಡೆವಲಪರ್‌ಗಳ ಸಲಕರಣೆ) ತೆರೆದು ಖಜಾಂಚಿಯವರ ಇಮೇಲ್ ಟೈಪ್ ಮಾಡಿದವರೆಲ್ಲ ಖಜಾಂಚಿಯಾಗ್ತಾರೆ.

ಬ್ರೌಸರ್‌ನಿಂದ ಸರ್ವರ್‌ಗೆ ಹೋಗಬೇಕಾದ್ದು ಐಡಿ ಟೋಕನ್ ಒಂದೇ, ಅಂದರೆ ಲಾಗಿನ್ ಆದವರು ಯಾರು ಅಂತ ಗೂಗಲ್ ಸಹಿ ಹಾಕಿ ಕೊಡೋ ಚೀಟಿ. ಅದನ್ನ ಬರೀ ಡಿಕೋಡ್ ಮಾಡಿದರೆ (ಬಿಚ್ಚಿ ಓದಿದರೆ) ಪರಿಶೀಲನೆ ಆದ ಹಾಗಲ್ಲ. ಗೂಗಲ್‌ನದೇ ಲೈಬ್ರರಿ ಇದೆ, ಅದನ್ನೇ ಹಾಕಿ. ಸಹಿ, ಇಶ್ಯೂಯರ್ (ಟೋಕನ್ ಕೊಟ್ಟವರು ಯಾರು), ಅವಧಿ ಅದು ನೋಡಿಕೊಳ್ಳುತ್ತೆ. ಆಡಿಯನ್ಸ್ (ಟೋಕನ್ ಯಾವ ಆ್ಯಪ್‌ಗೆ ಅನ್ನೋದು) ಜಾಗಕ್ಕೆ ಮಾತ್ರ ನಿಮ್ಮ ಕ್ಲೈಂಟ್ ಐಡಿಯನ್ನ (ಗೂಗಲ್ ನಿಮ್ಮ ಸೈಟಿಗೆ ಕೊಟ್ಟ ಗುರುತು) ನೀವೇ ಕೊಡಬೇಕು. ಅದು ಬಿಟ್ಟುಹೋದರೆ ಬೇರೆ ಯಾವುದೋ ಆ್ಯಪ್‌ಗೆ ಸಿಕ್ಕ ಟೋಕನ್ ತಂದು ನಿಮ್ಮ ಸೈಟಿಗೆ ನುಗ್ಗಬಹುದು. ಆಕ್ಸೆಸ್ ಟೋಕನ್ (ಗೂಗಲ್‌ನಿಂದ ಮಾಹಿತಿ ಕೇಳೋ ಅನುಮತಿ ಚೀಟಿ) ಕಳಿಸಿ, ಸರ್ವರ್‌ನಿಂದ ಯೂಸರ್‌ಇನ್‌ಫೋ (ಬಳಕೆದಾರರ ವಿವರ ಕೊಡೋ ಗೂಗಲ್ ವಿಳಾಸ) ಕರೆದು ನಂಬೋದರಲ್ಲೂ ಇದೇ ತೊಂದರೆ. ಟೋಕನ್ ಯಾವ ಆ್ಯಪ್‌ಗೆ ಕೊಟ್ಟದ್ದು ಅಂತ ಆ ಉತ್ತರದಲ್ಲಿ ಇರೋದೇ ಇಲ್ಲ.

ಈಗ ಮುಖ್ಯ ವಿಷಯ. ಯೂಸರ್ ಟೇಬಲ್‌ನಲ್ಲಿ ಗುರುತು ಇಶ್ಯೂಯರ್ ಮತ್ತು ಸಬ್ (sub, ಟೋಕನ್‌ನಲ್ಲಿರೋ ಆ ಖಾತೆಯ ಕಾಯಂ ಸಂಖ್ಯೆ) ಎರಡೂ ಸೇರಿ ಆಗಬೇಕು, ಇಮೇಲ್ ಅಲ್ಲ. ನಮ್ಮ ಸದಸ್ಯರಲ್ಲಿ ಎಷ್ಟೋ ಜನ ಹಿಂಜೆವಾಡಿ, ಖರಾಡಿ ಕಂಪನಿಗಳ ಇಮೇಲ್‌ನಿಂದಲೇ ಲಾಗಿನ್ ಆಗ್ತಾರೆ. ಕೆಲಸ ಬಿಟ್ಟ ಮೇಲೆ ಅದೇ ವಿಳಾಸ ಅದೇ ಹೆಸರಿನ ಇನ್ನೊಬ್ಬರಿಗೆ ಹೋಗಬಹುದು. ಆಗ ಹಳಬರ ಕುಟುಂಬದ ವಿವರ, ಚಂದಾ ರಸೀದಿ ಎಲ್ಲಾ ಹೊಸಬರ ಮುಂದೆ ತೆರೆದುಕೊಳ್ಳುತ್ತೆ. ಸಬ್ ಹಾಗೆ ಕೈ ಬದಲಾಗಲ್ಲ.

ಸಬ್ಬನ್ನ ಸ್ಟ್ರಿಂಗ್ ಆಗಿಯೇ ಇಡಿ, 255 ಅಕ್ಷರದ ಕಾಲಂ. ನೋಡೋಕೆ ಅಂಕಿ ಅಂತ ಬಿಗ್‌ಇಂಟ್ (ಡೇಟಾಬೇಸ್‌ನ ದೊಡ್ಡ ಸಂಖ್ಯೆಯ ಕಾಲಂ) ಮಾಡಬೇಡಿ. ಗೂಗಲ್‌ದು ಸಾಮಾನ್ಯವಾಗಿ 21 ಅಂಕಿ, ಬಿಗ್‌ಇಂಟ್‌ನಲ್ಲಿ ಹಿಡಿಸಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ನಂಬರ್ ಮಾಡಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗ್ತವೆ. ಸಮಿತಿಯವರು ಪಟ್ಟಿ ಕೇಳಿದರು ಅಂತ ಎಕ್ಸೆಲ್‌ಗೆ ತೆಗೆದಾಗಲೂ ಎಚ್ಚರ, 15 ಅಂಕಿ ದಾಟಿದ್ದೆಲ್ಲ ಸೊನ್ನೆ. ಆ ಫೈಲ್ ತಿರುಗಿ ಅಪ್‌ಲೋಡ್ ಮಾಡಿದಿರೋ, ಯಾರ ಲಾಗಿನ್ನೂ ಹೊಂದಲ್ಲ.

ಟೋಕನ್‌ನಲ್ಲಿ ಇಮೇಲ್ ವೆರಿಫೈಡ್ ಅನ್ನೋ ಫೀಲ್ಡ್ ಟ್ರೂ ಇದೆ ಅಂತ ಸೈಟಿನಲ್ಲಿ ಅದೇ ಇಮೇಲ್‌ನ ಹಳೇ ಖಾತೆಗೆ ತಾನಾಗಿ ಜೋಡಿಸೋದೂ ಬೇಡ. ಜಿಮೇಲ್ ವಿಳಾಸಕ್ಕೆ ಗೂಗಲ್ ಮಾತು ನಂಬಬಹುದು. ಯಾಹೂ ವಿಳಾಸ ಇಟ್ಟು ಗೂಗಲ್ ಖಾತೆ ಮಾಡಿದವರ ವಿಷಯದಲ್ಲಿ ಗೂಗಲ್ ಆ ವಿಳಾಸ ಅವರದೇ ಅಂತ ಯಾವತ್ತೋ ಒಮ್ಮೆ ನೋಡಿದ್ದು ಅಷ್ಟೇ. ಹಳೇ ಪಾಸ್‌ವರ್ಡ್ ಹಾಕಿಸಿಕೊಂಡೋ, ಆ ಇಮೇಲ್‌ಗೆ ಒಟಿಪಿ ಕಳಿಸಿಯೋ ಜೋಡಿಸಿ.

ನಿಮ್ಮ ಟೇಬಲ್‌ನಲ್ಲಿ ಸರ್‌ನೇಮ್ ಕಡ್ಡಾಯ ಮಾಡಿದ್ದೀರಿ. ಇಲ್ಲಿನ ಫಾರ್ಮ್‌ಗಳಲ್ಲಿ ಹೆಸರು, ತಂದೆ ಹೆಸರು, ಅಡ್ಡಹೆಸರು ಅಂತ ಮೂರು ಕಾಲಂ ನೋಡಿ ಬಂದ ಅಭ್ಯಾಸ ಇರಬೇಕು. ನಮ್ಮಲ್ಲಿ ಬರೀ ಇನಿಶಿಯಲ್ ಇರೋರು, ಒಂದೇ ಹೆಸರಿನವರು ಬೇಕಾದಷ್ಟಿದ್ದಾರೆ. ಒಂದೇ ಹೆಸರಿನವರಿಗೆ ಗೂಗಲ್‌ನಿಂದ ಫ್ಯಾಮಿಲಿ ನೇಮ್ (ಸರ್‌ನೇಮ್) ಬರದೇ ಇರಬಹುದು, ಆಗ ಟೇಬಲ್‌ಗೆ ಸೇರಿಸೋ ಹಂತವೇ ವಿಫಲ ಆಗುತ್ತೆ. ಪೂರ್ತಿ ಹೆಸರಿಗೆ ಒಂದೇ ಕಾಲಂ ಇಡಿ, ಮೊದಲ ಲಾಗಿನ್‌ನಲ್ಲಿ ತಿದ್ದೋಕೆ ಬಿಡಿ. ಮುಂದಿನ ಲಾಗಿನ್‌ನಲ್ಲಿ ಗೂಗಲ್ ಹೆಸರು ಅದರ ಮೇಲೆ ಬರೆಯದ ಹಾಗೆ ನೋಡಿಕೊಳ್ಳಿ.

ಫೇಸ್‌ಬುಕ್, ಆಪಲ್ ಸೇರಿಸ್ತೀನಿ ಅಂದಿದ್ರಿ. ಫೇಸ್‌ಬುಕ್ ಕೇಳದೆ ಕೊಡೋದು ಐಡಿ ಮತ್ತು ಹೆಸರು ಮಾತ್ರ. ಬೇಕಾದ ವಿವರಗಳ ಪಟ್ಟಿಯಲ್ಲಿ (ಫೀಲ್ಡ್ಸ್) ಇಮೇಲ್ ಬರೆದು ಕೇಳಬೇಕು, ಫೋನ್ ನಂಬರಿನಲ್ಲಿ ಖಾತೆ ತೆರೆದವರಿಗೆ ಆಗಲೂ ಬರದೇ ಇರಬಹುದು. ಆಪಲ್ ಎಲ್ಲಕ್ಕಿಂತ ತಲೆನೋವು. ಹೆಸರು ಕೊಡೋದು ಮೊದಲ ಸಲ ಒಪ್ಪಿಗೆ ಕೊಟ್ಟಾಗ ಮಾತ್ರ, ಅಲ್ಲೇ ಉಳಿಸಿಕೊಳ್ಳಬೇಕು. ಉತ್ತರ ಬೇರೆ ಸೈಟಿನಿಂದ ಪೋಸ್ಟ್ ಆಗಿ ಬರೋದರಿಂದ ಸ್ಟೇಟ್ (ಉತ್ತರ ನಾವು ಶುರು ಮಾಡಿದ ಲಾಗಿನ್‌ಗೇ ಬಂದದ್ದು ಅಂತ ತಾಳೆ ನೋಡೋ ಗುಪ್ತ ಮೌಲ್ಯ) ಇಟ್ಟ ಕುಕೀಗೆ ಸೇಮ್‌ಸೈಟ್ (ಬೇರೆ ಸೈಟಿನಿಂದ ಬಂದಾಗ ಕುಕೀ ಕಳಿಸಬೇಕೋ ಬೇಡವೋ ಅನ್ನೋ ಸೆಟ್ಟಿಂಗ್) ‘ಲ್ಯಾಕ್ಸ್’ ಇದ್ದರೆ ಅದು ಜೊತೆಗೆ ಬರಲ್ಲ. ಆ ಒಂದು ಕುಕೀಗೆ ಮಾತ್ರ ಸೇಮ್‌ಸೈಟ್ ‘ನನ್’ (None) ಮತ್ತು ‘ಸೆಕ್ಯೂರ್’ (Secure) ಕೊಡಿ. ಸ್ಟೇಟ್ ಪರಿಶೀಲನೆಯನ್ನೇ ತೆಗೆದುಹಾಕೋ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ನನ್ನ ಕೇಳಿದರೆ ಈ ವರ್ಷಕ್ಕೆ ಗೂಗಲ್ ಒಂದೇ ಸಾಕು, ಇಲ್ಲದವರಿಗೆ ಇಮೇಲ್ ಒಟಿಪಿ.

ಗೂಗಲ್‌ನಿಂದ ಕೇಳೋ ಅನುಮತಿ (ಸ್ಕೋಪ್) ಓಪನ್‌ಐಡಿ, ಇಮೇಲ್, ಪ್ರೊಫೈಲ್ ಮೂರೇ ಇರಲಿ. ಹುಟ್ಟಿದ ದಿನಾಂಕ, ಫೋನ್ ನಂಬರು ಗೂಗಲ್‌ನಿಂದ ಎಳೆಯೋಕೆ ಹೋದರೆ ಪೀಪಲ್ ಎಪಿಐ (ಆ ವಿವರ ಕೊಡೋ ಗೂಗಲ್ ಸೇವೆ), ಸೆನ್ಸಿಟಿವ್ ಸ್ಕೋಪ್, ಆ್ಯಪ್‌ನ ಗೂಗಲ್ ಪರಿಶೀಲನೆ ಅಂತ ಸಿಕ್ಕಿಕೊಳ್ತೀರಿ. ನವೆಂಬರ್ 1 ಅದಕ್ಕೆಲ್ಲ ಕಾಯಲ್ಲ. ಫಾರ್ಮ್‌ನಲ್ಲೇ ಕೇಳಿ.

ಇನ್ನೊಂದು: ನೋಂದಣಿ ಲಿಂಕನ್ನ ಫೇಸ್‌ಬುಕ್ ಪುಟದಲ್ಲಿ ಹಾಕ್ತೀರಲ್ಲ, ಆ ಆ್ಯಪ್ ಒಳಗಿನ ಬ್ರೌಸರ್‌ನಲ್ಲಿ ತೆರೆದವರಿಗೆ ಗೂಗಲ್ 403 (ಅನುಮತಿ ಇಲ್ಲ ಅನ್ನೋ ದೋಷ) ತೋರಿಸಿ ಲಾಗಿನ್ ತಡೆಯಬಹುದು. ಅದು ನಿಮ್ಮ ಕೋಡಿನ ದೋಷ ಅಲ್ಲ, ಎಂಬೆಡೆಡ್ ವೆಬ್‌ವ್ಯೂಗೆ, ಅಂದರೆ ಆ್ಯಪ್ ಒಳಗಿನ ಇಂಥ ಬ್ರೌಸರ್‌ಗೆ, ಗೂಗಲ್‌ನವರು ಬಿಡಲ್ಲ. ಬಟನ್ ಕೆಳಗೇ ‘ಕ್ರೋಮ್ ಅಥವಾ ಸಫಾರಿಯಲ್ಲಿ ತೆರೆಯಿರಿ’ ಅಂತ ಒಂದು ಸಾಲು ಹಾಕಿಬಿಡಿ.