ಊರಿನ ನಾಳೆಯ ನಕ್ಷೆಯಲ್ಲಿ ನಿವಾಸಿಗಳ ಮಾತಿಗೆ ಜಾಗವಿದೆಯೇ?

ಪ್ರಶ್ನೆ: ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಗರ ಹೇಗೆ ಬೆಳೆಯಬೇಕು ಎಂಬ ಮುನ್ನೋಟ ಸಿದ್ಧಪಡಿಸಲು ನಮ್ಮ ನಗರಾಡಳಿತ ನಿವಾಸಿಗಳ ಸಭೆ ಕರೆದಿದೆ. ನಾನು ನಿವೃತ್ತ ಶಿಕ್ಷಕಿ. ನಕ್ಷೆ ಓದಲು ಬಾರದು, ಯೋಜನೆಯ ಪರಿಭಾಷೆಯೂ ತಿಳಿಯದು. ನನ್ನಂಥವರು ಹೋಗಿ ಏನು ಹೇಳಬೇಕು? ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ, ಸಭೆ ಬರೀ ಶಾಸ್ತ್ರಕ್ಕೆ ಅನ್ನುತ್ತಾರೆ ಮನೆಯವರು. ನಿಜವೇ?

ಉತ್ತರ: ಖಂಡಿತ ಹೋಗಿ, ಮೇಡಂ. ನಕ್ಷೆ ಬರೆಯುವವರ ಬಳಿ ಜನಸಂಖ್ಯೆಯ ಅಂದಾಜು, ವಾಹನಗಳ ಎಣಿಕೆ, ಉಪಗ್ರಹ ಚಿತ್ರ ಎಲ್ಲವೂ ಇರುತ್ತವೆ. ಆದರೆ ಶಾಲೆ ಬಿಡುವ ಹೊತ್ತಿಗೆ ಮಕ್ಕಳು ರಸ್ತೆ ದಾಟಲು ಎಷ್ಟು ಹೊತ್ತು ಕಾಯುತ್ತಾರೆ, ಕತ್ತಲಾದ ಮೇಲೆ ಯಾವ ದಾರಿಯಲ್ಲಿ ಹೆಣ್ಣುಮಕ್ಕಳು ಓಡಾಡುವುದಿಲ್ಲ, ಜೋರು ಮಳೆ ಬಂದಾಗ ಮೊದಲು ಯಾವ ಓಣಿಗೆ ನೀರು ನುಗ್ಗುತ್ತದೆ ಎಂಬುದು ಅಲ್ಲಿ ಬದುಕುವವರಿಗೇ ಗೊತ್ತು. ನೀವು ಕೊಂಡೊಯ್ಯಬೇಕಾದದ್ದು ಇದನ್ನೇ. ‘ಹಸಿರು ಹೆಚ್ಚಲಿ, ಸೌಕರ್ಯ ಸುಧಾರಿಸಲಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಏನನ್ನೂ ಮಾಡಬೇಕಾಗುವುದಿಲ್ಲ. ‘ಬಸ್ ನಿಲ್ದಾಣದಿಂದ ಆಸ್ಪತ್ರೆಯವರೆಗೆ ವಯಸ್ಸಾದವರು ಕೂರಲು ಒಂದು ಬೆಂಚಿಲ್ಲ, ನಿಲ್ಲಲು ಒಂದು ಮರದ ನೆರಳಿಲ್ಲ’ ಎಂದು ಹೇಳಿ ನೋಡಿ. ಆ ಮಾತು ನಕ್ಷೆಯ ಮೇಲೆ ಗುರುತಾಗುತ್ತದೆ.

ಇನ್ನು ಶಾಸ್ತ್ರಕ್ಕೆ ಕರೆದ ಸಭೆಯೇ ಎಂಬುದು. ಅಂಥ ಸಭೆಗಳು ನಡೆಯುವುದು ನಿಜ. ಅಮೆರಿಕದ ನೀತಿ ವಿಶ್ಲೇಷಕಿ ಶೆರಿ ಅರ್ನ್‌ಸ್ಟೈನ್ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿಂಗಡಿಸಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಸುಮ್ಮನೆ ಒಪ್ಪಿಸಲಾಗುತ್ತದೆ. ನಡುವೆ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಆದರೆ ನಿರ್ಧಾರ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ಅಧಿಕಾರ ನಿಜವಾಗಿ ಹಂಚಿಕೆಯಾಗುತ್ತದೆ. ನಿಮ್ಮೂರ ಸಭೆ ಯಾವ ಮೆಟ್ಟಿಲಲ್ಲಿದೆ ಎಂದು ತಿಳಿಯಲು ಆರಂಭದಲ್ಲೇ ಎದ್ದು ನಿಂತು ಕೇಳಿ: ಯಾವ ವಿಷಯ ಇನ್ನೂ ತೀರ್ಮಾನವಾಗಿಲ್ಲ? ನಮ್ಮ ಸಲಹೆಗಳಿಗೆ ಒಂದೊಂದಾಗಿ ಲಿಖಿತ ಉತ್ತರ ಯಾವಾಗ ಸಿಗುತ್ತದೆ? ಎರಡನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಸಲಹೆ ತಿರಸ್ಕೃತವಾದರೂ ಚಿಂತೆಯಿಲ್ಲ, ಕಾರಣ ಬರಹದಲ್ಲಿರಬೇಕು. ಕಾರಣ ಬರೆಯಬೇಕಾದಾಗ ಅಧಿಕಾರಿಗಳು ಸಲಹೆಯನ್ನು ಓದಲೇಬೇಕಾಗುತ್ತದೆ.

ಬೇಗ ಹೋಗುವುದೂ ಅಷ್ಟೇ ಮುಖ್ಯ. ಕರಡು ಅಚ್ಚಾಗಿ ಆಕ್ಷೇಪಣೆ ಕರೆಯುವ ಹೊತ್ತಿಗೆ ದೊಡ್ಡ ತೀರ್ಮಾನಗಳೆಲ್ಲ ಗಟ್ಟಿಯಾಗಿರುತ್ತವೆ. ಅಮೆರಿಕದ ಟೆನೆಸ್ಸಿ ರಾಜ್ಯದ ಚಟ್ಟನೂಗಾದಲ್ಲಿ ಇದರ ಒಳ್ಳೆಯ ಉದಾಹರಣೆಯಿದೆ. 1969ರಲ್ಲಿ ದೇಶದಲ್ಲೇ ಅತಿ ಮಲಿನ ಗಾಳಿಯ ಊರು ಎಂದು ಹೆಸರು ಕೆಡಿಸಿಕೊಂಡಿದ್ದ, ಆಮೇಲೆ ಕಾರ್ಖಾನೆಗಳನ್ನೂ ಕಳೆದುಕೊಂಡ ನಗರ ಅದು. 1984ರಲ್ಲಿ ಅಲ್ಲಿ ಯಾರು ಬೇಕಾದರೂ ಬರಬಹುದಾದ ಸಭೆಗಳು ಸರಣಿಯಾಗಿ ನಡೆದು 40 ಗುರಿಗಳ ಪಟ್ಟಿ ರೂಪುಗೊಂಡಿತು. ಮೇಜಿನ ಮೇಲೆ ಸಿದ್ಧ ನಕ್ಷೆ ಇರಲಿಲ್ಲ, ಏನು ಬೇಕು ಎಂಬಲ್ಲಿಂದಲೇ ಮಾತು ಶುರುವಾಗಿತ್ತು. ಜನ ಬೆನ್ನು ಹಾಕಿದ್ದ ನದಿದಂಡೆ ಮತ್ತೆ ಊರಿನದಾಯಿತು. 1992ರಲ್ಲಿ ಅಲ್ಲಿ ದೊಡ್ಡ ಮತ್ಸ್ಯಾಲಯ ತೆರೆಯಿತು. ಕೆಡವಬೇಕೆಂದಿದ್ದ ಹಳೆಯ ವಾಲ್ನಟ್ ಸ್ಟ್ರೀಟ್ ಸೇತುವೆ 1993ರಲ್ಲಿ ಕಾಲ್ನಡಿಗೆಯವರಿಗಾಗಿಯೇ ಮತ್ತೆ ತೆರೆದುಕೊಂಡಿತು. ಪಟ್ಟಿಯಿಂದ ಸೇತುವೆಗೆ ಒಂಬತ್ತು ವರ್ಷ ಹಿಡಿಯಿತು ನೋಡಿ. ಒಂದು ಸಭೆಗೆ ಹೋಗಿ ಬಂದು ಕೈ ತೊಳೆದುಕೊಂಡರೆ ಇಂಥದ್ದು ಆಗುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಹಿಂದೆಯೂ ಮುನ್ನೋಟದ ದಾಖಲೆ ಬಂದಿತ್ತು. ಚೆಂದದ ಚಿತ್ರಗಳಿದ್ದವು, ಕೆಲಸ ಮಾತ್ರ ಆಗಲಿಲ್ಲ. ಈ ಸಲ ಹಾಗಾಗದಂತೆ ನಾವೇನು ಮಾಡಬಹುದು? ಸಭೆಗೆ ಬರುವವರೂ ಪ್ರತಿ ಸಲ ಅದೇ ಹತ್ತಿಪ್ಪತ್ತು ಜನ.

ಉತ್ತರ: ಮುನ್ನೋಟಕ್ಕೆ ತನ್ನಷ್ಟಕ್ಕೆ ಬಲವಿಲ್ಲ. ಭೂಬಳಕೆಯ ನಿಯಮಗಳಲ್ಲಿ ಮತ್ತು ವರ್ಷದ ಬಜೆಟ್‌ನಲ್ಲಿ ಇಳಿದಾಗ ಅದಕ್ಕೆ ಜೀವ ಬರುತ್ತದೆ. ಹಾಗಾಗಿ ಪ್ರತಿ ಗುರಿಯ ಎದುರು ಜವಾಬ್ದಾರಿ ಯಾವ ಇಲಾಖೆಯದು, ಮೊದಲ ಹಣ ಯಾವ ವರ್ಷದ ಬಜೆಟ್‌ನಲ್ಲಿ ಎಂದು ಬರೆಸಿ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟನ್ನೇ ಬಡಾವಣೆಗಳ ಸಭೆಗೆ ತಂದಿತು. ಹೊಸ ಕಾಮಗಾರಿಗಳಲ್ಲಿ ಯಾವುದು ಮೊದಲು ಎಂದು ಜನರೇ ಆರಿಸಿದರು. ಬಡವರ ಬಡಾವಣೆಗಳಿಗೆ ನೀರು, ಒಳಚರಂಡಿ, ರಸ್ತೆ ಹೋದವು. ಮುಂದೆ ಆಡಳಿತ ಬದಲಾದಾಗ ಈ ಪದ್ಧತಿ ಸೊರಗಿತು. ನಾಯಕರ ಒಲವನ್ನಷ್ಟೇ ನಂಬದೆ ನಿಯಮದಲ್ಲಿ ಸೇರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅದೇ ಹತ್ತಿಪ್ಪತ್ತು ಜನರ ಬಗ್ಗೆ: ಅವರನ್ನು ದೂರಬೇಡಿ, ಅವರ ಪಕ್ಕದಲ್ಲಿ ಇನ್ನೂ ಕುರ್ಚಿಗಳು ಬೇಕು. ಬಾಡಿಗೆದಾರರು, ಪಾಳಿಯಲ್ಲಿ ದುಡಿಯುವವರು, ಗಾಲಿಕುರ್ಚಿ ಬಳಸುವವರು, ಹದಿಹರೆಯದವರು ಸಭಾಂಗಣಕ್ಕೆ ಬರುವುದು ಕಷ್ಟ. ಅವರಿರುವಲ್ಲಿಗೇ ಹೋಗಿ ಕೇಳಬೇಕು. ಸಮಿತಿಗೆ ನಿವಾಸಿಗಳನ್ನು ಚೀಟಿ ಎತ್ತಿ ಆರಿಸುವುದೂ ಉಂಟು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರ ಹತ್ತು ವರ್ಷಗಳ ಹಣಕಾಸು ಯೋಜನೆಗಾಗಿ 2014ರಲ್ಲಿ ಇಂಥದ್ದೇ ವಿಧಾನದಿಂದ 43 ಮಂದಿಯ ಜನಸಮಿತಿ ರಚಿಸಿ, ಲೆಕ್ಕಪತ್ರಗಳನ್ನು ಅವರ ಮುಂದಿಟ್ಟಿತು. ಅವರ ಶಿಫಾರಸುಗಳಲ್ಲಿ ಸ್ಥಳೀಯ ತೆರಿಗೆ ಏರಿಸಿ ಎಂಬುದೂ ಇತ್ತು. ಲೆಕ್ಕ ತೋರಿಸಿದರೆ ಜನ ಕಹಿ ಸತ್ಯಕ್ಕೂ ಒಪ್ಪುತ್ತಾರೆ. ಜನರಿಗೆ ಉಚಿತದ್ದೇ ಬೇಕು ಎನ್ನುವವರು ಇದನ್ನು ಗಮನಿಸಬೇಕು.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಬಹುಮಹಡಿ ಕಟ್ಟಡಗಳಿಗೆ ಅವಕಾಶ ಬೇಡ ಎಂದು ಸಂಘದವರೆಲ್ಲ ಸಹಿ ಹಾಕುತ್ತಿದ್ದಾರೆ. ನಾನೂ ಹಾಕಲೇ?

ಉತ್ತರ: ಹಾಕುವ ಮುನ್ನ ಮನವಿಯಲ್ಲಿ ಏನು ಬರೆದಿದೆ ಓದಿ. ‘ನೀರು, ಒಳಚರಂಡಿ, ಬಸ್ ಮೊದಲು ಬರಲಿ, ಮಹಡಿ ಆಮೇಲೆ ಏರಲಿ’ ಎಂದಿದ್ದರೆ ನಾನೂ ಸಹಿ ಹಾಕುತ್ತಿದ್ದೆ. ‘ಇಲ್ಲಿಗೆ ಯಾರೂ ಬರುವುದು ಬೇಡ’ ಎಂಬ ಅರ್ಥ ಬರುವಂತಿದ್ದರೆ ಹಾಕಬೇಡಿ. ಒಳಗೆ ಜಾಗ ಕೊಡದಿದ್ದರೆ ನಗರ ಬೆಳೆಯುವುದೇನೂ ನಿಲ್ಲುವುದಿಲ್ಲ. ಹೊರವಲಯದ ಹೊಲಗದ್ದೆ ನುಂಗುತ್ತಾ ಹರಡುತ್ತದೆ, ಅಲ್ಲಿಂದ ಕೆಲಸಕ್ಕೆ ಬರುವವರ ದಿನದ ಹೊತ್ತು ದಾರಿಯಲ್ಲೇ ಕಳೆಯುತ್ತದೆ, ಅವರ ವಾಹನಗಳು ನಿಮ್ಮ ರಸ್ತೆಯಲ್ಲೇ ಹಾಯುತ್ತವೆ. ಮುಂದೆ ಈ ಊರಿಗೆ ಬರುವವರು, ನಮ್ಮ ಮಕ್ಕಳಲ್ಲಿ ಸ್ವಂತ ಮನೆ ಹುಡುಕುವವರು ಇವತ್ತಿನ ಸಭೆಯಲ್ಲಿ ಇರುವುದಿಲ್ಲ. ಮನವಿಯ ಕರಡು ಇನ್ನೂ ಸಂಘದ ಕೈಯಲ್ಲಿದ್ದರೆ ‘ಬೇಡ’ ಎಂಬುದನ್ನು ತೆಗೆಸಿ, ಯಾವ ರಸ್ತೆಯಲ್ಲಿ ಎಷ್ಟು ಮಹಡಿ, ಯಾವ ಸೌಕರ್ಯ ಬಂದ ಮೇಲೆ ಎಂದು ಷರತ್ತು ಬರೆಸಲು ಪ್ರಯತ್ನಿಸಿ. ಸಂಘ ಒಪ್ಪದಿದ್ದರೆ ನಿಮ್ಮ ಹೆಸರಲ್ಲೇ ಪ್ರತ್ಯೇಕ ಸಲಹೆ ಕೊಡಿ.