ಬ್ಯಾಡಗಿ ಅಕ್ಕಾರ ಹಳೇ ಕಂಪ್ಯೂಟರಿಗೆ: ಮೊದಲು ನುಡಿ ಫೈಲು, ಆಮ್ಯಾಲ ಲಿನಕ್ಸ್

ಅಕ್ಕಾರ, ನಮಸ್ಕಾರ್ರಿ. ನೀವು ಕೇಳಿದ್ದು ಇಷ್ಟು: ಮನ್ಯಾಗಿನ ಕಂಪ್ಯೂಟರ್ 2014ರದು, 4 ಜಿಬಿ ರ‍್ಯಾಮ್, ವಿಂಡೋಸ್ 10 ಐತಿ. ರಿಪೇರಿ ಅಂಗಡಿಯವರು "ಇದು ಇನ್ನ ಗುಜರಿಗೇ, ಹೊಸಾದು ತಗೋರಿ" ಅಂದಾರ. ಒಳಗ ಮಹಿಳಾ ಸಂಘದ ಠರಾವು, ಶೇಂಗಾ ಚಟ್ನಿ ಲೇಬಲ್, ಮೆಣಸಿನಕಾಯಿ ಲೆಕ್ಕ ಎಲ್ಲಾ ಅದಾವು. ವಿಂಡೋಸ್ ಜಾಗಾದಾಗ, ಪುಕ್ಕಟೆ ಸಿಗೋ ಲಿನಕ್ಸ್ ಅನ್ನೂ ಕಾರ್ಯವ್ಯವಸ್ಥೆ ಹಾಕಿದ್ರ ನಡೀತೈತೇನು? ಮ್ಯಾಲ ಇಬ್ಬರು ಆಗಲೇ "ಇವತ್ತ ಹಾಕ್ರಿ" ಅಂತ ಬರದಾರ. ನಾನು ಬೆಟಗೇರ್ಯಾಗ ಎಂಟು ವರ್ಷದಿಂದ ಲಿನಕ್ಸ್ ಮ್ಯಾಲೇ ಕೆಲಸ ಮಾಡಾಂವ. ಆದ್ರೂ ಹೇಳ್ತೀನಿ, ಇವತ್ತ ಹಾಕಬ್ಯಾಡ್ರಿ. ಒಂದು ತಿಂಗಳು ತಡೀರಿ.

ಅಂಗಡಿಯವರು ಹೇಳಿದ್ದು ಅರ್ಧ ಖರೆ. ವಿಂಡೋಸ್ 10ಕ್ಕ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕ ನಿಂತಾವು. ವಿಂಡೋಸ್ 11ಕ್ಕ ಟಿಪಿಎಂ 2.0 ಅನ್ನೂ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದ್ರ 8ನೇ ಪೀಳಿಗೆ ಪ್ರೊಸೆಸರ್ ಬೇಕು. 2014ರ ಯಂತ್ರದಾಗ ಅದು ಇರೂದಿಲ್ಲ. ಆದ್ರ ಅದಕ್ಕ ಯಂತ್ರ ಕೆಟ್ಟಿತು ಅನ್ನೂದು ಹೆಂಗ? ಎತ್ತು ಗಟ್ಟಿ ಐತಿ, ನೊಗ ಬದಲಿ ಮಾಡಬೇಕು, ಅಷ್ಟ.

"ಪುಕ್ಕಟೆ ಅಂದ್ಮ್ಯಾಲ ಏನರ ಮೋಸ ಇರಬೇಕು" ಅಂತ ಒಬ್ಬರು ಬರದಾರಲ್ಲ, ಅವರಿಗೆ ಒಂದ ಮಾತು. ಇದು ಜವಾರಿ ಬೀಜ ಇದ್ದಂಗ್ರಿ. ಬಿತ್ತಬಹುದು, ತಗದು ಇಟ್ಟುಕೋಬಹುದು, ಬಾಜೂ ಹೊಲದಾವ್ರಿಗೆ ಕೊಡಬಹುದು, ಹಂಗಾಮಿಗೊಮ್ಮೆ ಹೊಸಾ ಪಾಕೀಟು ಕೊಳ್ಳೂ ಕಟ್ಟು ಇಲ್ಲ. ರಿಚರ್ಡ್ ಸ್ಟಾಲ್ಮನ್ 1983ರಾಗ ಗ್ನೂ ಅನ್ನೂ ಮುಕ್ತ ತಂತ್ರಾಂಶ ಯೋಜನೆ ಸಾರಿದ್ದು ಇದ ವಿಚಾರ ಹಿಡದು. ಲಿನಸ್ ಟೋರ್ವಾಲ್ಡ್ಸ್ 1991ರಾಗ ಲಿನಕ್ಸ್ ಕರ್ನೆಲ್, ಅಂದ್ರ ಅದರ ಒಳಗಿನ ತಿರುಳು, ಬರದ. ಪ್ರೋಗ್ರಾಮಿನ ಒಳಗಿನ ಬರಹ ಎಲ್ಲರೂ ಓದೂವಂಗ ತೆರದು ಇಟ್ಟಿರ್ತಾರ. ರೊಕ್ಕ ಕೊಡೂದಿಲ್ಲ ಅನ್ನೂದು ಆಮ್ಯಾಲಿನ ಮಾತು.

ಈಗ ಖರೇ ತೊಡಕಿಗೆ ಬರ್ತೀನಿ. ಅದು ಲಿನಕ್ಸ್ ಅಲ್ಲ, ನಿಮ್ಮ ಠರಾವಿನ ಫೈಲುಗಳು. "ಎಲ್ಲಾ ನುಡಿ 01 ಇ ಫಾಂಟಿನ್ಯಾಗ ಅದಾವು" ಅಂತ ಬರದೀರಿ. ನುಡಿ ಅಂದ್ರ ಕನ್ನಡ ಟೈಪ್ ಮಾಡೂ ತಂತ್ರಾಂಶ. ಆ ಹಳೇ ಫೈಲಿನ್ಯಾಗ ಕನ್ನಡ ಅಕ್ಷರ ಇರೂದ ಇಲ್ರಿ. ಇರೂದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ, ಅವುಕ್ಕ ಕನ್ನಡದ ವೇಷ ಹಾಕೂದು ಫಾಂಟು. ವೇಷ ಕಳಚಿದ್ರ "ಕನ್ನಡ" ಅನ್ನೂ ಶಬ್ದದ ಜಾಗಾದಾಗ ಒಂದು ಪಿ, ತಲಿಮ್ಯಾಲ ಗೀಟಿದ್ದ ಎ, ಆಮ್ಯಾಲ ಪೌಂಡಿನ ಚಿಹ್ನೆ, ಹಿಂಗ ಕಾಣ್ತೈತಿ. ಬ್ಯಾರೆ ಕಂಪ್ಯೂಟರಿನ್ಯಾಗ ತಗದಾಗ ನೀವೂ ನೋಡೀರಿ. ಯೂನಿಕೋಡ್ ಹಂಗಲ್ಲ, ಅದರಾಗ ಪ್ರತಿ ಕನ್ನಡ ಅಕ್ಷರಕ್ಕ ಅದರದ ನಂಬರ್ ಐತಿ. ನೀವು ಈಗ ಮೊಬೈಲಿನ್ಯಾಗ ಬರ್ಯಾಕತ್ತಿದ್ದೂ ಯೂನಿಕೋಡೇ.

ಹಂಗಾಗಿ ವಿಂಡೋಸ್ ಇರೂ ತನಕಾನ ಎರಡು ಕೆಲಸ ಮುಗಸ್ರಿ. ಮೊದಲನೇದು, ನುಡಿಯ ಫಾಂಟ್ ಫೈಲುಗಳನ್ನ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಇಟ್ಟುಕೋರಿ. ಲಿನಕ್ಸಿನ್ಯಾಗ ಆ ಫಾಂಟು ಹಾಕಿದ್ರ ಹಳೇ ಠರಾವು ಓದಾಕ, ಪ್ರಿಂಟ್ ತಗ್ಯಾಕ ಬರ್ತೈತಿ. ಎರಡನೇದು, ಮುಂದ ತಿದ್ದಬೇಕಾದ ಫೈಲುಗಳನ್ನ ಯೂನಿಕೋಡಿಗೆ ಬದಲಿ ಮಾಡ್ರಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಾಗ ಪರಿವರ್ತಕ ಐತಿ, ಇಂಟರ್ನೆಟ್ಟಿನ್ಯಾಗೂ ಸಿಗ್ತಾವು. ಹತ್ತು ವರ್ಷದ್ದು ಎಲ್ಲಾ ಮಾಡಾಕ ಹೋಗಬ್ಯಾಡ್ರಿ, ಹುಚ್ಚು ಹಿಡೀತೈತಿ. ಈ ವರ್ಷದ್ದು, ಮತ್ತ ಬ್ಯಾಂಕಿನವರು ಮ್ಯಾಲಿಂದ ಮ್ಯಾಲ ಕೇಳೂವಂಥಾವು ಸಾಕು. ಬದಲಿ ಮಾಡಿದ ಮ್ಯಾಲ ಕಣ್ಣಿಟ್ಟು ಓದ್ರಿ: ಒತ್ತಕ್ಷರ, ಅರ್ಕಾವೊತ್ತು ಒಮ್ಮೊಮ್ಮೆ ಜಾಗಾ ತಪ್ಪತಾವು. ಕನ್ನಡದ ನಡುವ ಇಂಗ್ಲಿಷಿನ್ಯಾಗ ಹೆಸರು ಬರದಿದ್ರ, ಅದನ್ನೂ ಪರಿವರ್ತಕ ಕನ್ನಡದ ವೇಷ ಅಂತ ತಿಳಕೊಂಡು ಅರ್ಥ ಇಲ್ಲದ ಅಕ್ಷರ ಮಾಡಿಬಿಡತೈತಿ. ಸದಸ್ಯರ ಹೆಸರು, ಖಾತೆ ನಂಬರ್, ರೊಕ್ಕದ ಅಂಕಿ ಇವಿಷ್ಟು ಹಳೇ ಪ್ರಿಂಟ್ ಬಾಜೂಕ ಇಟ್ಟುಕೊಂಡು ತಾಳೆ ನೋಡ್ರಿ.

ಇದರ ಜೋಡೀನ, ವಿಂಡೋಸಿನ್ಯಾಗ ಈಗಲೇ ಲಿಬ್ರೆಆಫೀಸ್ ಹಾಕ್ರಿ. ವರ್ಡು, ಎಕ್ಸೆಲ್ಲಿನ ಕೆಲಸ ಎರಡೂ ಅದರಾಗ ಆಗ್ತಾವು. ವಿಂಡೋಸಿನ್ಯಾಗೂ ನಡೀತೈತಿ, ಲಿನಕ್ಸಿನ್ಯಾಗೂ ಅದ ಪ್ರೋಗ್ರಾಮು, ಅದ ಮೆನು. ಕೈ ಇಲ್ಲೇ ರೂಢಿ ಆತು ಅಂದ್ರ ಆಮ್ಯಾಲ ಕೆಳಗಿನ ನೆಲ ಬದಲಾದ್ರೂ ನಿಮಗ ಗೊತ್ತಾಗೂದಿಲ್ಲ. ಹಾಕಿದ ಕೂಡಲೇ ಒಂದು ಸೆಟಿಂಗ್ ಮಾಡ್ರಿ: ಟೂಲ್ಸ್, ಅದರಾಗ ಆಪ್ಶನ್ಸ್, ಅದರಾಗ ಭಾಷೆಯ ಭಾಗಕ್ಕ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನೂದಕ್ಕ ಟಿಕ್ ಹಾಕಿ ಕನ್ನಡ ಆರಿಸ್ರಿ. ಇದನ್ನ ಬಿಟ್ಟಾವ್ರ "ಸ್ಟೈಲಿನ್ಯಾಗ ಅಕ್ಷರ ದೊಡ್ಡದು ಮಾಡಿದ್ರೂ ಕನ್ನಡ ಸಣ್ಣದ ಉಳೀತೈತಿ" ಅಂತ ಬೈತಿರ್ತಾರ. ಅದರಾಗ ಕನ್ನಡದ ಫಾಂಟು, ಗಾತ್ರಕ್ಕ ಇಂಗ್ಲಿಷಿಂದು ಬಿಟ್ಟು ಬ್ಯಾರೇನ ಖಾನೆ ಐತಿ. ಮೆಣಸಿನಕಾಯಿ ಲೆಕ್ಕದ ಎಕ್ಸೆಲ್ ಫೈಲು ಹಂಗ ತೆರೀತಾವು, ಕೂಡೂದು ಕಳಿಯೂದು ಬರೋಬ್ಬರಿ ಇರ್ತೈತಿ. ಮ್ಯಾಕ್ರೋ (ತಾನ ಕೆಲಸ ಮಾಡೂ ಸಣ್ಣ ಪ್ರೋಗ್ರಾಮು) ಹಾಕಿದ್ರ ಅಷ್ಟ ಒಮ್ಮೆ ಪರೀಕ್ಷಾ ಮಾಡ್ರಿ. ಹೊರಗಿನವ್ರಿಗೆ ಕಳಸೂದನ್ನ ಪಿಡಿಎಫ್ ಮಾಡಿ ಕಳಸ್ರಿ.

ಚಟ್ನಿ ಲೇಬಲ್ಲಿಗೆ ಇಂಕ್‌ಸ್ಕೇಪ್ ಅನ್ನೂ ಚಿತ್ರ ಬಿಡಿಸೂ ಮುಕ್ತ ಪ್ರೋಗ್ರಾಮು. ನಿಮ್ಮ ಹಳೇ ಲೇಬಲ್ ಕೋರೆಲ್‌ಡ್ರಾದಾಗ ಐತಿ ಅಂದ್ರಿ. ಇಂಕ್‌ಸ್ಕೇಪ್ ಆ ಫೈಲು ತೆರ್ಯಾಕ ನೋಡತೈತಿ, ಗೆರೆ, ಚಿತ್ರ ಬಹುತೇಕ ಬರ್ತಾವು, ಅಕ್ಷರ ಮಾತ್ರ ಸೊಟ್ಟ ಆಗಬಹುದು. ನನ್ನ ಕೇಳಿದ್ರ ಹೊಸಾದಾಗಿ ಹಾಕ್ರಿ, ಒಂದು ಮಧ್ಯಾಹ್ನದ ಕೆಲಸ. ನೋಟೋ ಸ್ಯಾನ್ಸ್ ಕನ್ನಡ, ಗುಬ್ಬಿ, ನವಿಲು ಇಂಥಾ ಮುಕ್ತ ಯೂನಿಕೋಡ್ ಫಾಂಟು ಅದಾವು. ಪ್ರೆಸ್ಸಿಗೆ ಕೊಡೂ ಮುಂದ ಅಕ್ಷರಗಳನ್ನ ಆರಿಸಿ "ಆಬ್ಜೆಕ್ಟ್ ಟು ಪಾತ್" ಮಾಡ್ರಿ, ಅಕ್ಷರ ಗೆರೆ ಆಗಿಬಿಡತಾವು, ಅವರ ಕಡೆ ಫಾಂಟು ಇಲ್ಲದಿದ್ರೂ ನಡೀತೈತಿ. ಮೂಲ ಫೈಲು ಬ್ಯಾರೆ ಇಟ್ಟುಕೋರಿ, ಗೆರೆ ಆದ ಅಕ್ಷರ ಮತ್ತ ತಿದ್ದಾಕ ಬರೂದಿಲ್ಲ. ಇನ್ನೊಂದು, ಪರದೆಯ ಮ್ಯಾಲಿನ ಬಣ್ಣ ಬ್ಯಾರೆ, ನಾಲ್ಕು ಶಾಯಿ ಕೂಡಿಸಿ ಅಚ್ಚು ಹಾಕೂ ಬಣ್ಣ ಬ್ಯಾರೆ. ಬ್ಯಾಡಗಿ ಮೆಣಸಿನಕಾಯಿ ಕೆಂಪು ಪರದೆಯ ಮ್ಯಾಲ ಝಗಝಗ ಅಂದು ಕಾಗದದ ಮ್ಯಾಲ ಇಟ್ಟಂಗಿ ಬಣ್ಣ ಆಗಬಹುದು. ಐನೂರು ಹೊಡಸೂ ಮೊದಲು ಒಂದು ತಗಸಿ ನೋಡ್ರಿ.

ಇಷ್ಟು ಮಾಡಿ ತಿಂಗಳು ಕಳದ ಮ್ಯಾಲ ಲಿನಕ್ಸ್ ಮಿಂಟ್ ಹಾಕ್ರಿ, ಅದು ಲಿನಕ್ಸಿನ ಒಂದು ಬಗಿ. ಅದರಾಗ ಎಕ್ಸ್‌ಎಫ್‌ಸಿಇ ಅನ್ನೂ ಹಗುರಾದ ಆವೃತ್ತಿ ನಿಮ್ಮ 4 ಜಿಬಿಗೆ ಸರಿ. 8 ಜಿಬಿ ಪೆನ್‌ಡ್ರೈವ್ ತಗೊಂಡು, ರೂಫಸ್ ಅನ್ನೂ ಸಣ್ಣ ಪ್ರೋಗ್ರಾಮಿನಿಂದ ಮಿಂಟ್ ಫೈಲು ಅದಕ್ಕ ಬರೀರಿ (ಪೆನ್‌ಡ್ರೈವಿನ್ಯಾಗ ಇದ್ದದ್ದೆಲ್ಲಾ ಅಳಸಿ ಹೋಗ್ತೈತಿ, ಫಾಂಟು ಇಟ್ಟಿದ್ದು ಇದ ಆಗಬಾರದು!). ಕಂಪ್ಯೂಟರ್ ಚಾಲೂ ಮಾಡುವಾಗ ಎಫ್12, ಕೆಲವಕ್ಕ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿದ್ರ, ಡಿಸ್ಕಿಗೆ ಏನೂ ಮಾಡದ ಮಿಂಟ್ ತೆರೀತೈತಿ. ಹಂಗ ಎರಡು ದಿನ ಆಡ್ರಿ. ವೈಫೈ ಹಿಡೀತೈತಿಲ್ಲ, ಧ್ವನಿ ಬರ್ತೈತಿಲ್ಲ, ಮುಖ್ಯ ಪ್ರಿಂಟರ್ ಕಾಗದ ಹಾಕ್ತೈತಿಲ್ಲ, ನೋಡ್ರಿ. ಎಚ್‌ಪಿಯ ಬಹಳಷ್ಟು ಪ್ರಿಂಟರಿಗೆ ಡ್ರೈವರ್ ಮಿಂಟಿನ್ಯಾಗೇ ಇರ್ತೈತಿ. ನನ್ನ ಕಡೆ ಇದ್ದ ಬ್ಯಾರೆ ಕಂಪನಿಯ ಒಂದು ಹಳೇ ಲೇಸರ್ ಪ್ರಿಂಟರ್ ಮಾತ್ರ ಮೂರು ರಾತ್ರಿ ನಿದ್ದಿ ಕೆಡಿಸಿ, ಕಡೀಕ ನಮ್ಮ ತಮ್ಮನ ವಿಂಡೋಸ್ ಮನಿಗೆ ಹೋತು.

ಇನ್‌ಸ್ಟಾಲ್ ಮಾಡೂ ಹೊತ್ತಿನ್ಯಾಗ "ಎರೇಸ್ ಡಿಸ್ಕ್" ಅಂತ ಒಂದು ಸಾಲು ಬರ್ತೈತಿ. ನನ್ನ ಕಥಿ ಹೇಳ್ತೀನಿ, ನಗಬ್ಯಾಡ್ರಿ. ಎಂಟು ವರ್ಷದ ಹಿಂದ, "ವಿಂಡೋಸ್ ಇರೂದು ಸಿ ಡ್ರೈವಿನ್ಯಾಗ, ನನ್ನ ಸಾಮಾನೆಲ್ಲಾ ಡಿ ಡ್ರೈವಿನ್ಯಾಗ, ಅದಕ್ಕೇನೂ ಆಗೂದಿಲ್ಲ" ಅಂತ ಧೈರ್ಯ ಮಾಡಿ ಅದನ್ನ ಒತ್ತಿದೆ. ಸಿ, ಡಿ ಎರಡೂ ಒಂದ ಡಿಸ್ಕಿನ ಎರಡು ಪಾಲು, ಒಂದ ಮನಿಗೆ ನಡುಗ್ವಾಡಿ ಹಾಕಿದಂಗ. ಮನಿನ ಕೆಡವಿದ್ರ ಗ್ವಾಡಿ ಎಲ್ಲಿ ಉಳೀತೈತಿ? ನಮ್ಮೂರ ಜಾತ್ರ್ಯಾಗ ಅಪ್ಪಾ ಅರ್ಥ ಹೇಳಿದ ದೊಡ್ಡಾಟದ ರೆಕಾರ್ಡಿಂಗ್ ಡಿ ಒಳಗ ಇತ್ತು. ಅಪ್ಪಾ ಆಗ ಇರಲಿಲ್ಲ. ಅದಕ್ಕ, ಏನ ಮಾಡೂ ಮೊದಲೂ ಎಲ್ಲಾ ಫೈಲು ಹೊರಗಿನ ಡಿಸ್ಕಿಗೆ ಹಾಕಿ, ಆ ಡಿಸ್ಕು ಬ್ಯಾರೆ ಕಂಪ್ಯೂಟರಿಗೆ ಹಚ್ಚಿ ನಾಲ್ಕು ಫೈಲು ತಗದು ನೋಡಿ, ಆಮ್ಯಾಲ ಮುಂದುವರೀರಿ.

ಅದಕ್ಕಿಂತ ಚಲೋ ದಾರಿ ಇನ್ನೊಂದೈತಿ. 240 ಜಿಬಿಯ ಒಂದು ಎಸ್‌ಎಸ್‌ಡಿ (ತಿರುಗೂ ಭಾಗ ಇಲ್ಲದ ಜೋರಾದ ಡಿಸ್ಕ್) ಕೊಂಡು, ಹಳೇ ಹಾರ್ಡ್‌ಡಿಸ್ಕ್ ಬಿಚ್ಚಿ ಹಂಗ ಎತ್ತಿ ಇಟ್ಟುಬಿಡ್ರಿ, ಮಿಂಟ್ ಹೊಸಾದಕ್ಕ ಹಾಕ್ರಿ. ಏನರ ಹೆಚ್ಚುಕಡಿಮಿ ಆದ್ರ ಹಳೇದು ಮತ್ತ ಹಚ್ಚಿದ್ರಾತು. ಮ್ಯಾಲ, ನೀವು ಬರದ "ಚಾಲೂ ಆಗಾಕ ಐದು ನಿಮಿಷ" ಅನ್ನೂ ಕಾಟಕ್ಕ ಮುಖ್ಯ ಕಾರಣ ಆ ತಿರುಗೂ ಡಿಸ್ಕೇ ಇರತೈತಿ. ಹುಬ್ಬಳ್ಳಿ ಕಡೆ ಬಂದಾಗ ತಗೋರಿ, ಬಿಲ್ ಮತ್ತ ವಾರಂಟಿ ಕೇಳಿ.

ಟೈಪಿಂಗಿಗೆ ಹೆದರಬ್ಯಾಡ್ರಿ. ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರಿನ್ಯಾಗ ಐಬಸ್ ಮತ್ತ ಐಬಸ್-ಎಂ17ಎನ್ ಅನ್ನೂ ಟೈಪಿಂಗ್ ಪ್ರೋಗ್ರಾಮು ಹಾಕಿ, ಕನ್ನಡದ ಕೆಜಿಪಿ ಆರಿಸಿದ್ರ ನಿಮ್ಮ ಬೆರಳಿಗೆ ಗೊತ್ತಿದ್ದ ನುಡಿ ಕೀಲಿಮಣೆನ ಬರ್ತೈತಿ. ಟೈಮ್‌ಶಿಫ್ಟ್ ಅನ್ನೂದನ್ನ ಮೊದಲ ದಿನಾನ ಚಾಲೂ ಮಾಡ್ರಿ. ಅಪ್‌ಡೇಟ್ ಕೆಟ್ಟರ ಸಿಸ್ಟಮ್ ನಿನ್ನಿನ ಸ್ಥಿತಿಗೆ ಬರ್ತೈತಿ. ನಿಮ್ಮ ಫೈಲುಗಳನ್ನ ಅದು ಕಾಯೂದಿಲ್ಲ, ಅವುಕ್ಕ ಬ್ಯಾಕಪ್ ಬ್ಯಾರೇನ ಬೇಕು.

ಒಂದು ಮಾತ್ರ ಮುಚ್ಚಿಡೂದಿಲ್ಲ. ನಿಮ್ಮ ಯಜಮಾನರು ದಲಾಲಿ ಅಂಗಡಿ ಲೆಕ್ಕ ಟ್ಯಾಲಿಯೊಳಗ ಮನ್ಯಾಗೇ ಬರೀತಿದ್ರ, ಆ ಕೆಲಸಕ್ಕ ವಿಂಡೋಸ್ ಬೇಕ. ಹಂಗಿದ್ರ ಎರಡೂ ಬಾಜೂ ಬಾಜೂ ಇಡೂ ದಾರಿ ಬ್ಯಾರೆ ಹೇಳ್ತೀನಿ. ಟ್ಯಾಲಿ ಐತೋ ಇಲ್ಲೋ, ಪ್ರಿಂಟರಿನ ಮಾಡೆಲ್ ನಂಬರ್ ಎಷ್ಟು, ಇವೆರಡು ಇಲ್ಲೇ ಕೆಳಗ ಬರದು ಹಾಕ್ರಿ.